ಕರ್ಕ್‌ಲೀಸ್: ಹೆಸರು ಕೊಟ್ಟ ಜಾಗವೇ ಗಡಿಯಾಚೆ

ನಕ್ಷೆಯಲ್ಲಿ ಕರ್ಕ್‌ಲೀಸ್ ಅನ್ನುವ ಪಟ್ಟಣ ಹುಡುಕಬೇಡಿ, ಸಿಗುವುದಿಲ್ಲ. ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನಲ್ಲಿ ಆ ಹೆಸರಿನ ಕೌನ್ಸಿಲ್ ಇದೆ. 2021ರ ಜನಗಣತಿ ಪ್ರಕಾರ ಅದರ ಕೆಳಗೆ ಸುಮಾರು 4.33 ಲಕ್ಷ ಜನ ಇದ್ದಾರೆ. ಕಸ ಎತ್ತುವುದರಿಂದ ಹಿಡಿದು ರಸ್ತೆ, ಲೈಬ್ರರಿವರೆಗೆ ಎಲ್ಲ ಅದೇ ನೋಡಿಕೊಳ್ಳುತ್ತದೆ. ಆದರೆ ಯಾವ ಊರು ಅಂತ ಕೇಳಿದರೆ ಅಲ್ಲಿನವರು ಹಡರ್ಸ್‌ಫೀಲ್ಡ್ ಅನ್ನುತ್ತಾರೆ, ಡ್ಯೂಸ್‌ಬರಿ ಅನ್ನುತ್ತಾರೆ, ಬ್ಯಾಟ್ಲಿ ಅನ್ನುತ್ತಾರೆ. ಕರ್ಕ್‌ಲೀಸ್ ಅನ್ನುವುದು ತೆರಿಗೆ ಬಿಲ್ಲಿನ ಮೇಲಿನ ಹೆಸರು, ಅಷ್ಟೇ.

ಇದು ಶುರುವಾಗಿದ್ದು 1974ರ ಏಪ್ರಿಲ್ 1ರಂದು. ಹೌದು, ಏಪ್ರಿಲ್ ಫೂಲ್ ದಿನವೇ! 1972ರ ಸ್ಥಳೀಯ ಆಡಳಿತ ಕಾಯ್ದೆ ಜಾರಿಗೆ ಬಂದ ಆ ದಿನ ಇಂಗ್ಲೆಂಡಿನ ಉದ್ದಗಲಕ್ಕೂ ಹಳೆಯ ಸಣ್ಣ ಕೌನ್ಸಿಲ್‌ಗಳು ಹೋಗಿ ದೊಡ್ಡವು ಬಂದವು. ಇಲ್ಲಿ ಒಂದೇ ಏಟಿಗೆ 11 ಕೌನ್ಸಿಲ್‌ಗಳನ್ನು ಸೇರಿಸಿ ಹೊಲಿದರು. ಹಡರ್ಸ್‌ಫೀಲ್ಡ್, ಡ್ಯೂಸ್‌ಬರಿ ಎರಡೂ ತಮ್ಮ ಆಡಳಿತ ತಾವೇ ನಡೆಸುತ್ತಿದ್ದ ಕೌಂಟಿ ಬರೋಗಳು. ಜೊತೆಗೆ ಬ್ಯಾಟ್ಲಿ, ಸ್ಪೆನ್‌ಬರೋ, ಹೆಕ್‌ಮಂಡ್‌ವೈಕ್, ಮರ್‌ಫೀಲ್ಡ್, ಹೋಮ್‌ಫರ್ತ್, ಮೆಲ್ತಮ್, ಹೀಗೆ ಪಟ್ಟಿ ಮುಂದುವರಿಯುತ್ತದೆ.

ಹೆಸರೇನಿಡುವುದು? ಹಡರ್ಸ್‌ಫೀಲ್ಡ್ ಅಂತ ಇಟ್ಟರೆ ಡ್ಯೂಸ್‌ಬರಿಯವರು ಸುಮ್ನೆ ಇರುತ್ತಾರಾ? ಐವತ್ತಕ್ಕೂ ಹೆಚ್ಚು ಹೆಸರುಗಳು ಬಂದವು, ಕೊನೆಗೆ ಯಾರ ಊರೂ ಅಲ್ಲದ ಕರ್ಕ್‌ಲೀಸ್ ಗೆದ್ದಿತು. ಅದು ಹಳೆಯ ಕ್ರೈಸ್ತ ಸನ್ಯಾಸಿನಿಯರ ಮಠವೊಂದರ ಹೆಸರು. ರಾಬಿನ್ ಹುಡ್ ಸತ್ತಿದ್ದು ಅಲ್ಲೇ, ಮಠದ ಮುಖ್ಯಸ್ಥೆ ರಕ್ತ ತೆಗೆಯುವ ನೆಪದಲ್ಲಿ ಅವನನ್ನು ಕೊಂದಳು ಅಂತ ಕಥೆ ಇದೆ. ತಮಾಷೆ ಏನೆಂದರೆ, ಆ ಮಠದ ಜಾಗ ಕರ್ಕ್‌ಲೀಸ್ ಗಡಿಯೊಳಗೆ ಬರಲೇ ಇಲ್ಲ. ಅದು ಪಕ್ಕದ ಕಾಲ್ಡರ್‌ಡೇಲ್ ಕೌನ್ಸಿಲ್‌ಗೆ ಸೇರಿದೆ.

ಹೆಸರು ಬಿಡಿ, ಅದು ನಗುವ ವಿಷಯ. ಈ ಊರುಗಳ ಕಸುಬು ಬೇರೆ ಬೇರೆ ಇದ್ದದ್ದು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಹೊರಗಿನವರಿಗೆ ಎಲ್ಲವೂ ಉಣ್ಣೆ ಗಿರಣಿಯ ಊರುಗಳೇ. ಆದರೆ ಹಡರ್ಸ್‌ಫೀಲ್ಡ್ ಹೆಸರು ಮಾಡಿದ್ದು ಸೂಟಿಗೆ ಬೇಕಾದ ನಯವಾದ, ದುಬಾರಿ ಬಟ್ಟೆಯಲ್ಲಿ. ಬ್ಯಾಟ್ಲಿ, ಡ್ಯೂಸ್‌ಬರಿಗಳು ಬದುಕಿದ್ದು ಚಿಂದಿಯಿಂದ. 1813ರ ಸುಮಾರಿಗೆ ಬ್ಯಾಟ್ಲಿಯ ಬೆಂಜಮಿನ್ ಲಾ ಹಳೆಯ ಉಣ್ಣೆ ಬಟ್ಟೆಯನ್ನು ಹರಿದು, ಎಳೆ ಬಿಡಿಸಿ, ಹೊಸ ಉಣ್ಣೆ ಬೆರೆಸಿ ಮತ್ತೆ ನೂಲುವುದನ್ನು ಶುರು ಮಾಡಿದ. ಆ ಬಟ್ಟೆಯ ಹೆಸರು ಶಾಡಿ. ಯುರೋಪಿನ ಬೇರೆ ದೇಶಗಳಿಂದಲೂ ಇಲ್ಲಿಗೆ ಚಿಂದಿ ಬಂತು, ಇಲ್ಲಿಂದ ಸೈನಿಕರ ಸಮವಸ್ತ್ರಕ್ಕೆ, ಕಂಬಳಿಗೆ ದಪ್ಪ ಬಟ್ಟೆ ಹೋಯಿತು. ಇವತ್ತು ಇಂಗ್ಲಿಷಿನಲ್ಲಿ ಶಾಡಿ ಅಂದರೆ ಕಳಪೆ ಅಂತ ಅರ್ಥ. ಒಂದು ಸೀಮೆಯ ಜನರ ಅನ್ನದ ಮೂಲವೇ ಬೈಗುಳವಾಯಿತು, ಅಲ್ವಾ? ಇದೇ ಗಿರಣಿಗಳಿಗೆ ಇಪ್ಪತ್ತನೇ ಶತಮಾನದಲ್ಲಿ ಗುಜರಾತಿನಿಂದ, ಪಾಕಿಸ್ತಾನದಿಂದ ಕೆಲಸಗಾರರು ಬಂದರು. ಅವರ ಮೊಮ್ಮಕ್ಕಳು ಈಗ ಅಲ್ಲಿನವರೇ.

ಹಡರ್ಸ್‌ಫೀಲ್ಡ್‌ನ ಗತ್ತು ಬೇರೆಯದೇ. ಊರಿನ ಬಹುಪಾಲು ನೆಲ ತಲೆತಲಾಂತರದಿಂದ ರಾಮ್ಸ್‌ಡನ್ ಅನ್ನುವ ಜಮೀನ್ದಾರಿ ಮನೆತನದ ಕೈಯಲ್ಲಿತ್ತು. 1920ರಲ್ಲಿ ಊರಿನ ಕಾರ್ಪೊರೇಷನ್ 13 ಲಕ್ಷ ಪೌಂಡ್ ಕೊಟ್ಟು ಆ ಎಸ್ಟೇಟನ್ನೇ ಕೊಂಡುಕೊಂಡಿತು. ತನ್ನನ್ನು ತಾನೇ ಕೊಂಡುಕೊಂಡ ಊರು ಅನ್ನುವ ಮಾತು ಅಲ್ಲಿಂದ ಬಂದದ್ದು.

ಇಂಥ ಊರನ್ನೂ ಚಿಂದಿಯ ಊರುಗಳನ್ನೂ ಒಂದೇ ಮನೆಯಲ್ಲಿ ಕೂರಿಸಿ, ಯಜಮಾನಿಕೆಯನ್ನು ಹಡರ್ಸ್‌ಫೀಲ್ಡ್‌ನಲ್ಲಿ ಇಟ್ಟರೆ ಜಿಲ್ಲೆಯ ಉತ್ತರ ಭಾಗದ ಡ್ಯೂಸ್‌ಬರಿ, ಬ್ಯಾಟ್ಲಿಯವರಿಗೆ ಅನುಮಾನ ಬಾರದೆ ಇರುತ್ತದಾ? ಹಣವೆಲ್ಲ ಹಡರ್ಸ್‌ಫೀಲ್ಡ್‌ಗೇ ಹೋಗುತ್ತದೆ ಅನ್ನುವುದು ಡ್ಯೂಸ್‌ಬರಿ ಕಡೆಯ ಹಳೆಯ ದೂರು. 2023ರಲ್ಲಿ ಕಟ್ಟಡದ ಕಾಂಕ್ರೀಟ್ ಸುರಕ್ಷಿತವಲ್ಲ ಅಂತ ಡ್ಯೂಸ್‌ಬರಿಯ ಕ್ರೀಡಾ ಕೇಂದ್ರ ಮುಚ್ಚಿದಾಗ ಆ ಗಾಯ ಮತ್ತೆ ಕೆರೆದಂತಾಯಿತು. ಕೌನ್ಸಿಲ್ ಕೈಯಲ್ಲಿ ದುಡ್ಡಿಲ್ಲ ಅನ್ನುವುದೂ ನಿಜ. ಆದರೆ ಊರವರು ಲೆಕ್ಕ ಹಾಕುವುದು ಯಾರ ಈಜುಕೊಳ ಉಳಿಯಿತು, ಯಾರದು ಹೋಯಿತು ಅಂತಲೇ.

ಜಿಲ್ಲೆ ಒಂದಾದರೂ ಪಟ್ಟಣಗಳ ಮುಖ ಬೇರೆ ಬೇರೆ ದಿಕ್ಕಿಗೆ. ಡ್ಯೂಸ್‌ಬರಿಯ ಪೋಸ್ಟ್ ಕೋಡ್ ಪಕ್ಕದ ವೇಕ್‌ಫೀಲ್ಡ್ ನಗರದ್ದು, ಇದೇ ಜಿಲ್ಲೆಯ ಇನ್ನೊಂದು ಪಟ್ಟಣ ಕ್ಲೆಕ್‌ಹೀಟನ್‌ನದು ಪಕ್ಕದ ಬ್ರಾಡ್‌ಫರ್ಡ್ ನಗರದ್ದು. ಹಡರ್ಸ್‌ಫೀಲ್ಡ್ ಆಸ್ಪತ್ರೆ ಕಾಲ್ಡರ್‌ಡೇಲ್ ಜೊತೆ ಒಂದು ಆಡಳಿತದಲ್ಲಿದೆ, ಡ್ಯೂಸ್‌ಬರಿಯದು ವೇಕ್‌ಫೀಲ್ಡ್ ಕಡೆಯವರ ಜೊತೆ ಇನ್ನೊಂದರಲ್ಲಿ.

ಇನ್ನೊಂದು ವಿಚಿತ್ರ ಇದೆ. ಮೆಲ್ತಮ್, ಮರ್‌ಫೀಲ್ಡ್‌ನಂಥ ಸಣ್ಣ ಊರುಗಳಿಗೆ ಈಗಲೂ ತಮ್ಮದೇ ಪುಟ್ಟ ಟೌನ್ ಕೌನ್ಸಿಲ್ ಇದೆ. ಅಧಿಕಾರ ಕಡಿಮೆ, ಆದರೂ ಊರಿನ ಹೆಸರಲ್ಲಿ ಮಾತಾಡಲು ಒಂದು ಮೇಜು, ನಾಲ್ಕು ಕುರ್ಚಿ ಇವೆ. 13 ಲಕ್ಷ ಪೌಂಡ್ ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ ಹಡರ್ಸ್‌ಫೀಲ್ಡ್‌ಗೆ ಅದೂ ಇಲ್ಲ.