ಡಾಲ್ಮೇಷಿಯನ್‌ಗೆ ಮದ್ದಿತ್ತು, ಕ್ಲಬ್ಬಿಗೆ ಮನಸ್ಸಿರಲಿಲ್ಲ

ಬಿಳಿ ಮೈ, ಮೈ ತುಂಬಾ ಕಪ್ಪು ಚುಕ್ಕೆ. ಡಾಲ್ಮೇಷಿಯನ್ ನೋಡಿ ಮರುಳಾಗದವರು ಕಡಿಮೆ. ಆದರೆ ಈ ತಳಿಯ ಗಂಡು ನಾಯಿ ಸಾಕಿದ ಹಲವರು ಇನ್ನೊಂದನ್ನೂ ನೋಡಿರುತ್ತಾರೆ. ನಾಯಿ ಪದೇ ಪದೇ ಕಾಲೆತ್ತುತ್ತದೆ, ತಿಣುಕುತ್ತದೆ, ಮೂತ್ರ ಮಾತ್ರ ಹನಿ ಹನಿಯಾಗಿ ಬರುತ್ತದೆ. ಕೆಲವೊಮ್ಮೆ ಜೊತೆಗೆ ರಕ್ತ. ಮೂತ್ರಕೋಶದಲ್ಲಿ ಕಲ್ಲಾಗಿರುತ್ತದೆ. ಅದು ನಾಳದಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ಕಟ್ಟಿ ಜೀವಕ್ಕೇ ಕುತ್ತು.

ಬೇರೆ ನಾಯಿಗಳ ಲಿವರ್ ಯೂರಿಕ್ ಆಸಿಡ್ಡನ್ನು ಸುಲಭವಾಗಿ ಕರಗುವ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಡಾಲ್ಮೇಷಿಯನ್‌ನಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ, ಏಕೆಂದರೆ ಒಂದು ಜೀನ್ ಕೆಟ್ಟಿದೆ. ಎಲ್ಲಕ್ಕೂ ಕಲ್ಲಾಗುತ್ತದೆ ಅಂತಲ್ಲ. ಆದರೆ ಹಳೆಯ ಶುದ್ಧ ವಂಶದ ಅಷ್ಟೂ ನಾಯಿಗಳಲ್ಲಿ ಕೆಟ್ಟ ಜೀನೇ ಇತ್ತು. ಹಾಗಾಗಿ ತಳಿಯೊಳಗೆ ಎಷ್ಟೇ ಹುಡುಕಿ ಕ್ರಾಸ್ ಮಾಡಿಸಿದರೂ ಒಳ್ಳೆಯ ಜೀನ್ ಸಿಗುವಂತಿರಲಿಲ್ಲ.

ಇಲ್ಲಿಗೆ ಬಂದು ನಿಂತಿದ್ದು ಹೇಗೆ? ಜನ ನಾಯಿಯನ್ನು ಆರಿಸಿ ಬೆಳೆಸಿದ್ದು ಹೊಸದೇನಲ್ಲ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಬೇಟೆಯಲ್ಲಿ ಓಡಲಾಗದ ನಾಯಿಯ ಮರಿ ಯಾರಿಗೆ ಬೇಕು? ಕೆಲಸ ಮುಖ್ಯವಾಗಿದ್ದಷ್ಟು ಕಾಲ ಗಟ್ಟಿ ಮೈಯೂ ಉಳಿಯಿತು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಲೆಕ್ಕ ಬದಲಾಯಿತು. 1859ರಲ್ಲಿ ನ್ಯೂಕಾಸಲ್‌ನಲ್ಲಿ ಡಾಗ್ ಶೋ ನಡೆಯಿತು, 1873ರಲ್ಲಿ ನಾಯಿ ತಳಿಗಳ ದಾಖಲೆ ಇಡುವ ಸಂಘ, ಕೆನಲ್ ಕ್ಲಬ್ ಹುಟ್ಟಿತು. ವಂಶಾವಳಿ ಬರೆದಿಡುವ ಪುಸ್ತಕ ಬಂತು. ಬರುಬರುತ್ತಾ ಅಪ್ಪ, ಅಮ್ಮ ಇಬ್ಬರೂ ಆ ಪುಸ್ತಕದಲ್ಲಿದ್ದರೆ ಮಾತ್ರ ಮರಿಗೆ ಜಾಗ ಎಂದಾಯಿತು. ಶೋನಲ್ಲಿ ಗೆದ್ದ ಗಂಡಿಗೆ ಬೇಡಿಕೆ ಜಾಸ್ತಿ, ಅದರ ಮರಿಗಳೂ ಜಾಸ್ತಿ. ಮುಂದೆ ಅವುಗಳ ನಡುವೆಯೇ ಕ್ರಾಸ್. ಅಡಗಿದ್ದ ಕೆಟ್ಟ ಜೀನ್ ಈಗ ಅಪ್ಪ, ಅಮ್ಮ ಎರಡೂ ಕಡೆಯಿಂದ ಮರಿಗೆ ಬರತೊಡಗಿತು.

ಡಾಲ್ಮೇಷಿಯನ್‌ಗೆ ದಾರಿ ಇರಲಿಲ್ಲವೇ? ಇತ್ತು. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಡಾಲ್ಮೇಷಿಯನ್ ಒಂದನ್ನು ಪಾಯಿಂಟರ್ ತಳಿಯ ನಾಯಿಯೊಂದಿಗೆ ಕ್ರಾಸ್ ಮಾಡಿಸಿದರು. ಒಂದೇ ಒಂದು ಸಲ. ಆಮೇಲೆ ಪ್ರತಿ ತಲೆಮಾರಿನಲ್ಲೂ ಜೋಡಿ ಡಾಲ್ಮೇಷಿಯನ್ನೇ. ಹುಟ್ಟಿದ ಮರಿಗಳಲ್ಲಿ ಯೂರಿಕ್ ಆಸಿಡ್ ಕಡಿಮೆ ಇದ್ದವನ್ನೇ ಮುಂದಿನ ಸೂಲಿಗೆ ಆರಿಸಿದರು. ಐದನೇ ತಲೆಮಾರಿನ ಹೊತ್ತಿಗೆ ನಾಯಿ ನೋಡಲು ಡಾಲ್ಮೇಷಿಯನ್ನೇ, ಮೂತ್ರ ಮಾತ್ರ ಬೇರೆ ನಾಯಿಗಳಂತೆ ಸರಿಯಾಗಿತ್ತು.

1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇಂಥ ಎರಡು ನಾಯಿಗಳನ್ನು ಪುಸ್ತಕಕ್ಕೆ ಸೇರಿಸಿಕೊಂಡಿತು. ಡಾಲ್ಮೇಷಿಯನ್ ಕ್ಲಬ್ಬಿನ ಸದಸ್ಯರು ತಿರುಗಿಬಿದ್ದರು. ರಕ್ತ ಬೆರಕೆಯಾಯಿತಂತೆ! ದಾಖಲಾತಿ ನಿಂತೇಹೋಯಿತು. ಕೆಟ್ಟ ಜೀನ್ ಯಾವುದೆಂದು 2008ರಲ್ಲಿ ಪತ್ತೆಯಾಯಿತು. ಬ್ರಿಟನ್ 2010ರಲ್ಲಿ ಶೈಬಲ್ ಬೆಳೆಸಿದ ಆ ವಂಶದ ಫಿಯೋನಾ ಎಂಬ ಹೆಣ್ಣು ನಾಯಿಯನ್ನು ದಾಖಲಿಸಿಕೊಂಡಿತು, ಅಮೆರಿಕ 2011ರಲ್ಲಿ ಒಪ್ಪಿತು. ಅಂದರೆ ಆ ಕ್ರಾಸ್ ಆಗಿ 38 ವರ್ಷದ ಮೇಲೆ. ಮದ್ದು ಕೈಯಲ್ಲಿದ್ದೂ ಅಷ್ಟು ವರ್ಷ ನಾಯಿಗಳು ನರಳಿದವು. ಇದನ್ನು ಕ್ಷಮಿಸಲು ನನ್ನಿಂದಾಗದು.

ಮನಸ್ಸು ಬದಲಾಗಲು ಒಂದು ಟಿವಿ ಕಾರ್ಯಕ್ರಮವೂ ಕಾರಣ. 2008ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಮಿದುಳಿಗೆ ತಲೆಬುರುಡೆಯೇ ಸಾಲದೆ ನರಳುವ ಕ್ಯಾವಲಿಯರ್ ನಾಯಿಗಳನ್ನು ತೋರಿಸಿತು. ಜನ ಸಿಟ್ಟಾದರು. ಕ್ರಫ್ಟ್ಸ್ ಡಾಗ್ ಶೋ ಪ್ರಸಾರವನ್ನು ಬಿಬಿಸಿ ಕೈಬಿಟ್ಟಿತು. ಅಪ್ಪ-ಮಗಳು, ತಾಯಿ-ಮಗ, ಅಣ್ಣ-ತಂಗಿಯನ್ನು ಕೂಡಿಸಿ ಪಡೆದ ಮರಿಗಳನ್ನು ಬ್ರಿಟನ್ನಿನ ಕ್ಲಬ್ ದಾಖಲಿಸುವುದು ನಿಂತಿದ್ದು ಇದಾದ ಮೇಲೆಯೇ.

ಪಗ್, ಬುಲ್‌ಡಾಗ್‌ಗಳದು ಇನ್ನೂ ಕಷ್ಟ. ಅಲ್ಲಿ ಜನ ಇಷ್ಟಪಡುವ ಚಪ್ಪಟೆ ಮುಖವೇ ರೋಗದ ಮೂಲ. ಬುಲ್‌ಡಾಗ್‌ನ ತಲೆ ಎಷ್ಟು ದಪ್ಪವೆಂದರೆ ಬ್ರಿಟನ್ನಿನ ಒಂದು ಸಮೀಕ್ಷೆಯಲ್ಲಿ ಶೇ 80ಕ್ಕೂ ಹೆಚ್ಚು ಸೂಲು ಸಿಸೇರಿಯನ್ ಆಗಿದ್ದವು. ನಮ್ಮಲ್ಲಿ ಪಗ್ ಕಾಣಿಸಿಕೊಂಡ 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ಅದಕ್ಕೆ ಬೇಡಿಕೆ ಏರಿತು. ಅದರ ಗೊರಕೆ ಮುದ್ದು ಅಂತೀವಿ, ಅಲ್ವಾ? ಅದು ಉಸಿರಿನ ಪರದಾಟ. ಹೊಳ್ಳೆ ಕಿರಿದು, ಒಳಗೆ ಅಂಗುಳ ಗಂಟಲಿಗೆ ಇಳಿಬಿದ್ದಿರುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ತೇಕಿಯೇ. ತೇಕಲೂ ಆಗದ ನಾಯಿ ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಏನು ಮಾಡಬೇಕು?

ಡಚ್ಚರು ಮೂತಿಯ ಉದ್ದಕ್ಕೇ ಅಳತೆ ಗೊತ್ತುಮಾಡಿದ್ದಾರೆ: ತಲೆಯ ಮೂರನೇ ಒಂದು ಭಾಗದಷ್ಟಾದರೂ ಇರಬೇಕು. ನಾರ್ವೆಯಲ್ಲಿ ವಿಷಯ ಕೋರ್ಟಿಗೇ ಹೋಯಿತು. ಈಗಿನ ಕ್ಯಾವಲಿಯರ್‌ಗಳನ್ನು ತಮ್ಮತಮ್ಮಲ್ಲೇ ಕೂಡಿಸಿ ಮರಿ ಮಾಡಿಸುವುದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಎಂದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಬೇರೆ ತಳಿಯೊಂದಿಗೆ ಬೆರೆಸಲು ಮಾತ್ರ ಅಡ್ಡಿಯಿಲ್ಲ.