ಸರಸರ ಎನ್ನದ ನಕ್ಷೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಪಡೆಯೊಂದರಲ್ಲೇ 55,573 ಮಂದಿ ಸತ್ತರು. ಉರಿಯುವ ವಿಮಾನದಿಂದ ಹಾರಿ ಬದುಕಿ ಉಳಿದವರಿಗೂ ಕಷ್ಟ ಮುಗಿಯುತ್ತಿರಲಿಲ್ಲ. ಇಳಿದದ್ದು ಬೆಲ್ಜಿಯಂನಲ್ಲೋ ಫ್ರಾನ್ಸಿನಲ್ಲೋ, ಸುತ್ತ ಜರ್ಮನ್ ಸೈನ್ಯ. ಭಾಷೆ ಬಾರದು. ಮೈಮೇಲೆ ಸಮವಸ್ತ್ರ. ಮೊದಲು ಪ್ಯಾರಾಚೂಟನ್ನು ಹುಗಿಯಬೇಕು, ಆಮೇಲೆ ಬೆಳಕು ಹರಿಯುವ ಮೊದಲು ಎಲ್ಲಾದರೂ ಅಡಗಬೇಕು. ಎಲ್ಲಿದ್ದೇನೆ ಎಂದು ತಿಳಿಯಲು ಹೀಗೆ ಇಳಿದವನ ಬಳಿ ಇದ್ದದ್ದು ರೇಷ್ಮೆ ಬಟ್ಟೆಯ ಮೇಲೆ ಮುದ್ರಿಸಿದ ಒಂದು ನಕ್ಷೆ.

ಈ ರೇಷ್ಮೆ ನಕ್ಷೆಯ ಬಗ್ಗೆ ಎಲ್ಲರೂ ಒಂದು ಮಾತು ಹೇಳುತ್ತಾರೆ: ‘ರೇಷ್ಮೆ ಮೃದು, ಅದಕ್ಕೇ ಸದ್ದಾಗುವುದಿಲ್ಲ.’ ಅಲ್ಲಿಗೆ ವಿಷಯ ಮುಗಿಯಿತು ಎಂಬಂತೆ ಮುಂದೆ ಹೋಗುತ್ತಾರೆ. ಆದರೆ ಮೃದು ಎಂದರೆ ಏನು? ಯಾಕೆ ಮೃದು? ಮೃದುವಾದದ್ದು ಯಾಕೆ ಸದ್ದು ಮಾಡಬಾರದು? ಈ ಪ್ರಶ್ನೆಗಳಿಗೆ ಉತ್ತರ ನಿಜಕ್ಕೂ ಸುಂದರವಾಗಿದೆ. ಅದನ್ನು ಹಾಗೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಸದ್ದು ಯಾಕೆ ಅಷ್ಟು ಮುಖ್ಯ ಅಂದರೆ, ನಕ್ಷೆ ಇರುತ್ತಿದ್ದದ್ದು ಬಟ್ಟೆಯ ಒಳಪದರದಲ್ಲಿ, ಹೊಲಿಗೆಯ ಮರೆಯಲ್ಲಿ. ಸೈನಿಕನೊಬ್ಬ ಮೈ ತಡವಿ ಶೋಧಿಸುವಾಗ ಕಾಗದ ಇದ್ದರೆ ಕೈಗಿಂತ ಮೊದಲು ಕಿವಿಗೇ ಗೊತ್ತಾಗುತ್ತದೆ. ರಾತ್ರಿ ಬೇಲಿಯ ಮರೆಯಲ್ಲಿ ಕುಳಿತು ಬಿಚ್ಚಿ ನೋಡುವಾಗಲೂ ಅಷ್ಟೆ, ಸ್ವಲ್ಪ ದೂರದಲ್ಲೇ ಕಾವಲುಗಾರ ಇರಬಹುದು.

ಇದನ್ನೆಲ್ಲ ಮೊದಲೇ ಯೋಚಿಸಿದ್ದು ಎಂಐ9 ಎಂಬ ಬ್ರಿಟಿಷ್ ಗುಪ್ತ ವಿಭಾಗ. ಸಿಕ್ಕಿಬಿದ್ದವರು ತಪ್ಪಿಸಿಕೊಳ್ಳಲು, ಸಿಗದವರು ಸಿಗದೇ ಇರಲು ನೆರವಾಗಲೆಂದೇ 1939ರ ಡಿಸೆಂಬರಿನಲ್ಲಿ ಅದನ್ನು ಶುರುಮಾಡಿದರು. ಅಲ್ಲಿ ಸಲಕರಣೆಗಳ ಹೊಣೆ ಹೊತ್ತವನು ಕ್ರಿಸ್ಟೊಫರ್ ಕ್ಲೇಟನ್ ಹಟ್ಟನ್. ಎಡಿನ್‌ಬರೋದ ಬಾರ್ತಲೋಮ್ಯೂ ಕಂಪನಿ ತನ್ನ ನಕ್ಷೆಗಳನ್ನು ಬಳಸಿಕೊಳ್ಳಲು ಬಿಟ್ಟಿತು, ಅದಕ್ಕೆ ಹಣ ಕೇಳಲಿಲ್ಲ. ನಕ್ಷೆ ಸಿಕ್ಕಿತು. ಅದನ್ನು ಯಾವುದರ ಮೇಲೆ ಮುದ್ರಿಸುವುದು ಎಂಬುದೇ ಉಳಿದ ಪ್ರಶ್ನೆ.

ಈಗ ಕಾಗದಕ್ಕೆ ಬರೋಣ. ಮರದ ತಿರುಳಿನ ಸಣ್ಣ ಸಣ್ಣ ನಾರುಗಳನ್ನು ನೀರಿನಲ್ಲಿ ಕದಡಿ, ಜರಡಿಯ ಮೇಲೆ ಹರಡಿ, ಒತ್ತಿ ಒಣಗಿಸಿದರೆ ಕಾಗದ. ನೀರು ಆರಿದಂತೆ ಪಕ್ಕಪಕ್ಕದ ನಾರುಗಳ ನಡುವೆ ಹೈಡ್ರೋಜನ್ ಬಂಧಗಳು ಬೆಳೆಯುತ್ತವೆ. ಬೇರೆ ಅಂಟು ಇಲ್ಲದೆಯೂ ನಾರುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಣಗಿದ ಮೇಲೆ ಯಾವ ನಾರಿಗೂ ಪಕ್ಕದ ನಾರಿನ ಮೇಲೆ ಜಾರುವ ಸ್ವಾತಂತ್ರ್ಯ ಇಲ್ಲ.

ಇದರ ಪರಿಣಾಮ ಎಷ್ಟು ದೊಡ್ಡದು ಎಂದು ನೋಡಲು 100 ಹಾಳೆಯ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬಗ್ಗಿಸಿದರೆ ಆರಾಮಾಗಿ ಬಗ್ಗುತ್ತದೆ, ಏಕೆಂದರೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಅದೇ 100 ಹಾಳೆಗಳಿಗೆ ಮೂಲೆಮೂಲೆಗೂ ಗೋಂದು ಹಚ್ಚಿ ಒಂದೇ ಹಲಗೆ ಮಾಡಿಬಿಡಿ. ಈಗ ಬಗ್ಗಿಸಿ ನೋಡೋಣ! ಒಂದು ವಸ್ತು ಬಗ್ಗಲು ಒಡ್ಡುವ ತಡೆ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ತಡೆ ಎಂಟು ಪಟ್ಟು. ಬಿಡಿ ಹಾಳೆಗಳ ನೋಟ್‌ಬುಕ್ ಒಂದು ಹಾಳೆಯ 100 ಪಟ್ಟು ತಡೆ ಒಡ್ಡುತ್ತದೆ. ಅಂಟಿಸಿದ ಹಲಗೆ ಒಡ್ಡುವುದು 10 ಲಕ್ಷ ಪಟ್ಟು. ಎರಡರಲ್ಲೂ ಇರುವುದು ಅದೇ ಕಾಗದ, ಅಷ್ಟೇ ತೂಕ. ಹಾಳೆಗಳು ಜಾರಬಲ್ಲವೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ. ಅಷ್ಟರಿಂದಲೇ ಬಿಗುವು 10,000 ಪಟ್ಟು ಜಾಸ್ತಿಯಾಗುತ್ತದೆ.

ಒಂದೇ ಕಾಗದದ ಹಾಳೆಯೊಳಗೆ, ಕಣ್ಣಿಗೆ ಕಾಣದ ಅಳತೆಯಲ್ಲಿ, ಆಗಿರುವುದು ಈ ಅಂಟಿಸಿದ ಹಲಗೆಯ ಕಥೆಯೇ. ಬಟ್ಟೆಯಲ್ಲಿ ಆಗಿರುವುದು ಬಿಡಿ ಹಾಳೆಗಳ ಕಥೆ. ರೇಷ್ಮೆಯ ಒಂದು ಎಳೆ ಸುಮಾರು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳು. ಅಂಥ ಹತ್ತಾರು ಎಳೆ ಸೇರಿ ಒಂದು ನೂಲು. ಬಗ್ಗಿಸಿದಾಗ ಪ್ರತಿ ಎಳೆಯೂ ತನ್ನ ಪಾಡಿಗೆ ತಾನು ಬಗ್ಗುತ್ತದೆ.

ಸದ್ದು ಎಲ್ಲಿಂದ ಬಂತು? ಕಾಗದದಲ್ಲಿ ಒಂದು ಚೆಂಡನ್ನು ಸುತ್ತಿ ನೋಡಿ. ಸುಕ್ಕು ಬೀಳದೆ ಸುತ್ತಲು ಆಗುವುದೇ ಇಲ್ಲ. ಹಿಗ್ಗದ ಹಾಳೆಯೊಂದು ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗಲಾರದು. ಇದರ ಹಿಂದಿನ ಗಣಿತವನ್ನು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲೇ ತೋರಿಸಿಕೊಟ್ಟ. ಹಾಗಾಗಿ ಮುದುಡಿದ ಕಾಗದ ಒತ್ತಡವನ್ನೆಲ್ಲ ಚೂಪು ಏಣುಗಳಲ್ಲಿ, ಮೊನೆಗಳಲ್ಲಿ ಕೂಡಿಡುತ್ತದೆ. ಇನ್ನೂ ಸ್ವಲ್ಪ ಅಮುಕಿದರೆ ಆ ಏಣು ತಡೆಯಲಾರದೆ ‘ಟಕ್’ ಎಂದು ಇನ್ನೊಂದು ಆಕಾರಕ್ಕೆ ಹಾರುತ್ತದೆ. ಬಿಗಿಯಾದ ಹಾಳೆ ಒಮ್ಮೆಲೇ ಗಾಳಿಯನ್ನು ತಳ್ಳುತ್ತದೆ. ಅದೇ ಸದ್ದು. ನಮಗೆ ಒಟ್ಟಿಗೆ ಸರಸರ ಎಂದು ಕೇಳುವುದು ಇಂಥ ಸಾವಿರಾರು ಟಕ್‌ಗಳ ರಾಶಿ. 1996ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪಾಲ್ ಹೌಲ್ ಮತ್ತು ಜೇಮ್ಸ್ ಸೇತ್ನಾ ಕಾಗದ ಮುದುಡುವ ಸದ್ದನ್ನು ಬಿಡಿಬಿಡಿಯಾಗಿ ಅಳೆದರು. ಜೋರಾದ ಟಕ್‌ಗಳು ಕೆಲವೇ ಕೆಲವು, ಸಣ್ಣವು ಲೆಕ್ಕವಿಲ್ಲದಷ್ಟು. ಭೂಕಂಪಗಳಲ್ಲೂ ಇದೇ ಬಗೆಯ ಹಂಚಿಕೆ ಇದೆ. ಕೈಯಲ್ಲಿ ಮುದುಡಿದ ಒಂದು ಚೀಟಿಯಲ್ಲಿ ಇಷ್ಟೆಲ್ಲ ಅಡಗಿದೆ ಎಂದರೆ ಖುಷಿಯಾಗುತ್ತದೆ, ಅಲ್ವಾ?

ಬಟ್ಟೆಗೆ ಏಣು ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಉದ್ದಕ್ಕೆ ಹೋಗುವ ಹಾಸು ಮತ್ತು ಅಡ್ಡಕ್ಕೆ ಹೋಗುವ ಹೊಕ್ಕು ನೂಲುಗಳು ಕೂಡುವ ಕಡೆ ಕೋನ ಬದಲಾಗಬಲ್ಲದು. ಚೌಕವಾಗಿದ್ದ ನೇಯ್ಗೆಯ ಕಣ್ಣು ಸುಮ್ನೆ ವಾರೆಯಾಗುತ್ತದೆ. ಇದರಿಂದ ಬಟ್ಟೆ ಎರಡು ದಿಕ್ಕಿಗೂ ಒಟ್ಟಿಗೆ ಬಾಗುತ್ತದೆ, ಹೆಗಲ ಮೇಲೆ ಒಪ್ಪವಾಗಿ ಕೂರುತ್ತದೆ. ಕೂಡಿಟ್ಟ ಒತ್ತಡ ಇಲ್ಲ, ಹಾಗಾಗಿ ಹಾರುವುದೂ ಇಲ್ಲ. ಇರುವ ಅಲ್ಪಸ್ವಲ್ಪ ಶಕ್ತಿ ಎಳೆಗಳ ನಡುವಿನ ತಿಕ್ಕಾಟದಲ್ಲಿ ಶಾಖವಾಗಿ ಕಳೆದುಹೋಗುತ್ತದೆ.

ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ರೇಷ್ಮೆ ಸೀರೆ ಉಟ್ಟು ನಡೆದರೆ ಸರಸರ ಕೇಳುತ್ತದಲ್ಲ? ಕೇಳುತ್ತದೆ, ಆ ಪ್ರಶ್ನೆ ನ್ಯಾಯವಾದದ್ದು. ಒತ್ತಾಗಿ ನೇಯ್ದ ರೇಷ್ಮೆಯಲ್ಲಿ ನೂಲುಗಳಿಗೆ ಜಾರಲು ಜಾಗ ಕಡಿಮೆ. ಇನ್ನು ಕೆಲವು ರೇಷ್ಮೆಯನ್ನು ಕೊನೆಯಲ್ಲಿ ತೆಳು ಆಮ್ಲದಲ್ಲಿ ಅದ್ದುತ್ತಾರೆ. ಆಗ ಎಳೆಗಳ ನಡುವೆ ತಿಕ್ಕಾಟ ಹೆಚ್ಚುತ್ತದೆ. ಎಳೆ ಒಂದು ಕ್ಷಣ ಹಿಡಿದು, ಮರುಕ್ಷಣ ಜಾರುತ್ತದೆ. ಆ ಹಿಡಿತ-ಜಾರಾಟವೇ ರೇಷ್ಮೆಯ ಮೆಲುದನಿ. ರಾಮನಗರದ ಮಾರುಕಟ್ಟೆಯ ರೇಷ್ಮೆಗೂಡಂತೂ ಇನ್ನೂ ಒಳ್ಳೆಯ ಸಾಕ್ಷಿ. ಅದೂ ಅಪ್ಪಟ ರೇಷ್ಮೆಯೇ, ಆದರೆ ಒತ್ತಿದರೆ ಗಟ್ಟಿ, ಬಿರುಸು. ಕಾರಣ, ತೂಕದ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ಸಾಬೂನಿನ ಬಿಸಿನೀರಿನಲ್ಲಿ ಕುದಿಸಿ ಆ ಅಂಟನ್ನು ತೆಗೆದ ಮೇಲೇ ರೇಷ್ಮೆಗೆ ನಮಗೆ ಗೊತ್ತಿರುವ ಮೃದುತ್ವ ಬರುವುದು.

ಇನ್ನೂ ಅನುಮಾನ ಇದ್ದವರಿಗೆ ಯುದ್ಧದ ಇತಿಹಾಸವೇ ಪುರಾವೆ ಕೊಡುತ್ತದೆ. ಜಪಾನಿನ ರೇಷ್ಮೆ ನಿಂತುಹೋಗಿ ಎಲ್ಲೆಡೆ ಕೊರತೆ ಬಂತು. ಪ್ಯಾರಾಚೂಟಿಗೆಂದು ನಮ್ಮ ಮೈಸೂರು ರೇಷ್ಮೆಗೂ ಬೇಡಿಕೆ ಏರಿದ ಕಾಲ ಅದು. ನಕ್ಷೆಗಳನ್ನು ರೇಯಾನ್ ಎಂಬ ಕೃತಕ ನೂಲಿನ ಬಟ್ಟೆಯ ಮೇಲೆ ಮುದ್ರಿಸತೊಡಗಿದರು. ಇಂದು ‘ರೇಷ್ಮೆ ನಕ್ಷೆ’ ಎಂದು ತೋರಿಸುವ ಎಷ್ಟೋ ನಕ್ಷೆಗಳು ರೇಷ್ಮೆಯವೇ ಅಲ್ಲ. ರೇಯಾನಿನ ಮೂಲ ಯಾವುದು? ಸೆಲ್ಯುಲೋಸ್, ಅಂದರೆ ಗಿಡಮರಗಳ ನಾರಿನ ಮುಖ್ಯ ವಸ್ತು. ಕಾಗದದ್ದೂ ಅದೇ. ಒಂದೇ ಮೂಲದಿಂದ ಬಂದ ಎರಡರಲ್ಲಿ ಒಂದು ಸದ್ದು ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಮೌನ ಇರುವುದು ಜೋಡಣೆಯಲ್ಲಿ.

ಆದರೆ ಎಳೆಗಳ ನಡುವಿನ ಅದೇ ಬಿಡುವು ಮುದ್ರಕರಿಗೆ ಶತ್ರುವಾಯಿತು. ಶಾಯಿ ಆ ಸಂದುಗಳಲ್ಲಿ ಹರಿದು ಗೆರೆಗಳು ಮಸುಕಾಗುತ್ತಿದ್ದವು. ಊರಿನ ಹೆಸರು ಓದಲಾಗದಿದ್ದರೆ ನಕ್ಷೆ ಇದ್ದೇನು ಫಲ? ಕೊನೆಗೆ ಶಾಯಿಗೆ ಪೆಕ್ಟಿನ್ ಬೆರೆಸಿದ್ದು ಕೆಲಸಕ್ಕೆ ಬಂತು ಎಂದು ಹಟ್ಟನ್ ಹೇಳಿದ್ದಾನೆ. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಇದೇ ಪೆಕ್ಟಿನ್‌ನಿಂದ. ಶಾಯಿ ಮಂದವಾದರೆ ಹರಿಯುವುದಿಲ್ಲ. ಲೀಡ್ಸ್ ಊರಿನ ವ್ಯಾಡಿಂಗ್ಟನ್ ಕಂಪನಿಗೆ ರೇಷ್ಮೆಯ ಮೇಲೆ ಮುದ್ರಿಸುವ ಅನುಭವ ಮೊದಲೇ ಇತ್ತು, ಈ ಕೆಲಸವೂ ಅವರಿಗೆ ಬಂತು.

ಹಟ್ಟನ್ನನ ಉಳಿದ ಸಲಕರಣೆಗಳೂ ಜಾಣತನದವೇ. ಗುಂಡಿಯೊಳಗೆ ದಿಕ್ಸೂಚಿ ಇಟ್ಟು, ಅದರ ತಿರುಪನ್ನು ಉಲ್ಟಾ ಮಾಡಿದ. ಬಿಚ್ಚಲು ನೋಡುವವನು ಅಭ್ಯಾಸದಂತೆ ತಿರುಗಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ಶೇವಿಂಗ್ ಬ್ಲೇಡಿಗೆ ಅಯಸ್ಕಾಂತದ ಗುಣ ಕೊಟ್ಟರೆ ದಾರಕ್ಕೆ ತೂಗುಬಿಟ್ಟಾಗ ಅದೇ ಉತ್ತರ ತೋರುತ್ತದೆ. ವಿಮಾನ ಚಾಲಕರ ಎತ್ತರದ ಬೂಟಿನ ಮೇಲ್ಭಾಗವನ್ನು ಒಂದು ಪುಟ್ಟ ಚಾಕುವಿನಿಂದ ಕತ್ತರಿಸಿದರೆ ಉಳಿಯುವುದು ಸಾಮಾನ್ಯ ಜನ ಹಾಕುವ ಶೂ. ಚಿಕ್ಕ ಡಬ್ಬಿಯಲ್ಲಿ ಮಾಲ್ಟ್ ಮಾತ್ರೆ, ನೀರು ಶುದ್ಧಿ ಮಾಡುವ ಮಾತ್ರೆ, ನಿದ್ದೆ ಬಾರದಂತೆ ಬೆಂಜೆಡ್ರಿನ್.

ನನಗೆ ಒಂದು ಬೇಸರ ಇದೆ. ಈ ಕಥೆಗಳನ್ನು ಹೇಳುವಾಗ ಸಾಮಾನುಗಳೇ ನಾಯಕರಾಗಿಬಿಡುತ್ತವೆ. ನಿಜವಾಗಿ ನಕ್ಷೆ ಕೆಲಸಕ್ಕೆ ಬರುತ್ತಿದ್ದದ್ದು ಮೊದಲ ಕೆಲವು ದಿನ. ದೇಶದೇಶಗಳನ್ನೇ ಒಂದು ಬಟ್ಟೆಯಲ್ಲಿ ಅಡಗಿಸಿದ ನಕ್ಷೆಯಲ್ಲಿ ಹಳ್ಳಿಯ ಓಣಿ ಇರುವುದಿಲ್ಲ. ಯಾವ ಬಾಗಿಲು ತಟ್ಟಿದರೆ ಊಟ ಸಿಗುತ್ತದೆ, ಯಾವುದನ್ನು ತಟ್ಟಿದರೆ ಪೊಲೀಸ್ ಬರುತ್ತಾನೆ ಎಂಬುದೂ ಇರುವುದಿಲ್ಲ. ಅದನ್ನು ತಿಳಿದವರು ಅಲ್ಲಿನ ಜನ. ಸಿಕ್ಕಿಬಿದ್ದ ವಿಮಾನಿಕನಿಗೆ ಯುದ್ಧಕೈದಿಯ ಹಕ್ಕುಗಳಾದರೂ ಇದ್ದವು. ಅವನನ್ನು ಅಡಗಿಸಿದವರಿಗೆ ಕಾದಿದ್ದದ್ದು ಗುಂಡು, ಇಲ್ಲವೇ ಯಾತನಾ ಶಿಬಿರ.

1941ರ ಆಗಸ್ಟಿನಲ್ಲಿ ಸ್ಪೇನಿನ ಬಿಲ್ಬಾವೊ ಊರಿನ ಬ್ರಿಟಿಷ್ ಕಾನ್ಸುಲೇಟಿಗೆ 24 ವರ್ಷದ ಒಬ್ಬ ಹುಡುಗಿ ಬಂದಳು. ಹೆಸರು ಆಂದ್ರೆ ದ ಯೋಂಗ್, ಬ್ರಸೆಲ್ಸ್‌ನ ಶಾಲಾ ಮಾಸ್ತರರ ಮಗಳು. ಜೊತೆಗೆ ಒಬ್ಬ ಸ್ಕಾಟಿಷ್ ಸೈನಿಕ, ಇಬ್ಬರು ಬೆಲ್ಜಿಯನ್ನರು. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಬೆಟ್ಟಗಳನ್ನು ನಡೆದೇ ದಾಟಿದ್ದಳು. ಖರ್ಚಿಗೆ ಹಣ ಕೊಡಿ, ಇನ್ನೂ ಜನರನ್ನು ಕರೆತರುತ್ತೇನೆ ಎಂದಳು. ಅಧಿಕಾರಿಗಳಿಗೆ ಮೊದಲು ನಂಬಿಕೆ ಬರಲಿಲ್ಲ. ಮುಂದೆ ಆ ದಾರಿಗೆ ಕಾಮೆಟ್ ಲೈನ್ ಎಂಬ ಹೆಸರು ಬಂತು. ಬ್ರಸೆಲ್ಸ್‌ನಿಂದ ಪ್ಯಾರಿಸ್, ಅಲ್ಲಿಂದ ರೈಲಿನಲ್ಲಿ ಬಯೋನ್, ಆಮೇಲೆ ಬೆಟ್ಟದ ತಪ್ಪಲಿನ ಉರ್ಯೂನ್ಯ. ರಾತ್ರಿಯಿಡೀ ನಡೆದು ಬಿದಸೋವ ನದಿ ದಾಟಿದರೆ ಸ್ಪೇನ್, ಕೊನೆಗೆ ಬ್ರಿಟಿಷರ ವಶದಲ್ಲಿದ್ದ ಜಿಬ್ರಾಲ್ಟರ್. ಬೆಟ್ಟದ ದಾರಿ ತೋರಿಸುತ್ತಿದ್ದವನು ಫ್ಲೊರೆಂಟಿನೊ ಗೊಯ್ಕೊಎಚೆಯ ಎಂಬ ಬಾಸ್ಕ್ ಜನಾಂಗದವನು. ಕತ್ತಲಲ್ಲಿ ಆ ಗುಡ್ಡಗಳನ್ನು ಬಲ್ಲವನಿಗೆ ಯಾವ ನಕ್ಷೆಯೂ ಬೇಕಿರಲಿಲ್ಲ.

ಈ ಪ್ರಯಾಣದಲ್ಲಿ ಬಟ್ಟೆಗಿಂತ ಮನುಷ್ಯ ಮೌನವಾಗಿರಬೇಕಿತ್ತು. ರೈಲಿನಲ್ಲಿ ದಾರಿ ತೋರುವವರು ದೂರ ಕೂರುತ್ತಿದ್ದರು. ವಿಮಾನಿಕ ಪೇಪರ್ ಹಿಡಿದೋ, ನಿದ್ದೆ ನಟಿಸಿಯೋ, ಕಿವುಡ-ಮೂಕನಂತೆಯೋ ಇರಬೇಕು. ಚೂಯಿಂಗ್ ಗಮ್ ಜಗಿಯುವ ಬಾಯಿ, ಜೇಬಿಗಿಳಿಸಿದ ಕೈ, ಫೋರ್ಕನ್ನು ಎಡಗೈಯಿಂದ ಬಲಗೈಗೆ ಬದಲಿಸುವ ಅಭ್ಯಾಸ, ಇಷ್ಟು ಸಾಕು ಅಮೆರಿಕದವನೆಂದು ತಿಳಿಯಲು. ಗುರುತಿನ ಚೀಟಿ ಮಾಡಿಸಲು ಬೇಕಾಗುತ್ತದೆಂದು ಎಷ್ಟೋ ವಿಮಾನಿಕರು ತಮ್ಮ ಸಣ್ಣ ಫೋಟೊಗಳನ್ನು ಮೊದಲೇ ಇಟ್ಟುಕೊಂಡು ಹೊರಡುತ್ತಿದ್ದರು.

ಜಾಲವನ್ನು ಒಳಗಿಂದ ಮುರಿಯಲು ಜರ್ಮನರು ನಂಬಿಕೆಯನ್ನೇ ಬಳಸಿದರು. ಜಾಕ್ ದೆಸುಬ್ರಿ ಎಂಬ ದ್ರೋಹಿ ಸಹಾಯಕನ ವೇಷದಲ್ಲಿ ಸೇರಿಕೊಂಡ. 1943ರ ಜೂನ್‌ನಲ್ಲಿ ಆಂದ್ರೆಯ ತಂದೆ ಪ್ಯಾರಿಸ್ಸಿನಲ್ಲಿ ಸಿಕ್ಕಿಬಿದ್ದದ್ದು ಅವನಿಂದಲೇ. ಮರುವರ್ಷ ಮಾರ್ಚ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಂದ್ರೆ ಅದಕ್ಕೂ ಮೊದಲೇ, 1943ರ ಜನವರಿ 15ರಂದು, ಉರ್ಯೂನ್ಯದ ಒಂದು ತೋಟದ ಮನೆಯಲ್ಲಿ ಸೆರೆಯಾಗಿದ್ದಳು. ಜೋರು ಮಳೆಯಿಂದಾಗಿ ಅಂದು ಬೆಟ್ಟ ದಾಟಲು ಆಗಿರಲಿಲ್ಲ. ಈ ಇಡೀ ವ್ಯವಸ್ಥೆ ನಡೆಸುವವಳು ನಾನೇ ಎಂದು ಅವಳೇ ಹೇಳಿದರೂ ವಿಚಾರಣೆ ಮಾಡಿದವರು ನಂಬಲಿಲ್ಲ. ರಾವೆನ್ಸ್‌ಬ್ರುಕ್, ಮೌತ್‌ಹೌಸೆನ್ ಶಿಬಿರಗಳನ್ನು ದಾಟಿ ಬದುಕಿದಳು. ಆಮೇಲೆ ಆಫ್ರಿಕದಲ್ಲಿ ಕುಷ್ಠರೋಗಿಗಳ ಆರೈಕೆ ಮಾಡಿದಳು. 2007ರಲ್ಲಿ ತೀರಿಕೊಂಡಳು.

ಅವಳಿಲ್ಲದೆಯೂ ದಾರಿ ನಡೆಯಿತು. ಆದರೆ 1944ರ ಬೇಸಿಗೆಗೆ ಅದನ್ನು ನಿಲ್ಲಿಸಿದ್ದು ಮಿತ್ರಪಡೆಗಳ ಬಾಂಬುಗಳೇ. ಫ್ರಾನ್ಸಿನ ಕರಾವಳಿಯ ನಾರ್ಮಂಡಿಯಲ್ಲಿ ಸೈನ್ಯ ಇಳಿಸುವ ಮೊದಲು ಆ ದೇಶದ ರೈಲು ಹಳಿಗಳನ್ನು ಪುಡಿ ಮಾಡಿದರು. ರೈಲೇ ಇಲ್ಲದ ಮೇಲೆ ಪ್ಯಾರಿಸ್‌ನಿಂದ ಬಯೋನ್‌ಗೆ ಹೋಗುವುದು ಹೇಗೆ? ಆಗ ಉಪಾಯ ತಿರುಗುಮುರುಗಾಯಿತು: ನಡೆಸುವುದು ಬೇಡ, ಒಂದೇ ಕಡೆ ಅಡಗಿಸೋಣ. ಫ್ರಾನ್ಸಿನ ಫ್ರೆತ್ವಾಲ್ ಕಾಡಿನಲ್ಲಿ ಗುಡಾರ ಹಾಕಿ, ಜರ್ಮನರ ನಡುವೆಯೇ, ವಿಮಾನಿಕರನ್ನು ತಿಂಗಳುಗಟ್ಟಲೆ ಇಟ್ಟರು. ಸುತ್ತಲಿನ ರೈತರು, ಅಂಗಡಿಯವರು ಊಟ ತಲುಪಿಸಿದರು. ಆಗಸ್ಟಿನಲ್ಲಿ ಎಂಐ9ರ ಏರಿ ನೀವ್ ಲೆ ಮಾನ್ ಊರಿನ ಬಸ್ಸುಗಳನ್ನು ಒಟ್ಟುಮಾಡಿಕೊಂಡು ಕಾಡಿನ ಅಂಚಿಗೆ ಬಂದಾಗ, ಅಲ್ಲಿಂದ ಹೊರಬಂದವರು ನೂರಮೂವತ್ತರಷ್ಟು ಮಂದಿ.