ಮಳೆ ಬೀಳದ ಗೋಡೆಗೇ ಮೊದಲು ತುಕ್ಕು

ಮಲ್ಪೆ, ಸುರತ್ಕಲ್, ಉಳ್ಳಾಲದ ಕಡೆ ಕಡಲಿಗೆ ಹತ್ತಿರದಲ್ಲಿ ಗೋಡೆಗೆ ಲೋಹದ ಶೀಟ್ ಹೊದಿಸಿದ ಗೋದಾಮು, ಐಸ್ ಪ್ಲಾಂಟ್, ಶೋರೂಮ್ ಬೇಕಾದಷ್ಟು ಕಾಣುತ್ತವೆ. ಕೆಲವು ವರ್ಷ ಹಳೆಯದಾದ ಒಂದರ ಹತ್ತಿರ ಹೋಗಿ ನೋಡಿ. ಮಳೆಗಾಲವಿಡೀ ನೀರು ಹೊಡೆಸಿಕೊಂಡ ನಡುಗೋಡೆ ಬಹಳ ಸಲ ಪರವಾಗಿಲ್ಲ ಅನ್ನುವಂತಿರುತ್ತದೆ. ಸೂರಿನ ಕೆಳಗೆ, ಬೋರ್ಡಿನ ಹಿಂದೆ, ಶಟರಿನ ಮೇಲಿನ ಮಡಿಕೆಯಲ್ಲಿ ಮಾತ್ರ ಬಣ್ಣ ಉಬ್ಬಿ, ಅಂಚಿನಿಂದ ಕೆಂಪು ತುಕ್ಕು ಇಳಿದಿರುತ್ತದೆ. ಅವೆಲ್ಲ ಒಂದು ಹನಿ ಮಳೆಯೂ ಬೀಳದ ಜಾಗಗಳು.

ನೀರು ತಾಗಿದರೆ ತುಕ್ಕು ಅಂತ ತಾನೇ ನಾವೆಲ್ಲ ಕೇಳುತ್ತಾ ಬಂದಿರುವುದು? ಹಾಗಿದ್ದರೆ ಇದು ಉಲ್ಟಾ ಆಯಿತಲ್ಲ.

ಕಾರಣ ಉಪ್ಪು. ಅಲೆ ಒಡೆದಾಗ ಏಳುವ ಸಣ್ಣ ಸಣ್ಣ ಹನಿಗಳನ್ನು ಕಡಲ ಗಾಳಿ ಹೊತ್ತು ತರುತ್ತದೆ. ಅವು ಶೀಟಿನ ಮೇಲೆ ಕೂತು ಒಣಗುತ್ತವೆ. ಉಳಿದ ಉಪ್ಪಿನ ಪುಡಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದು ಸುಮ್ನೆ ಕೂರುವ ವಸ್ತು ಅಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಅಡುಗೆಮನೆಯ ಕಲ್ಲುಪ್ಪಿನ ಭರಣಿ ತಾನಾಗಿ ನೀರು ಬಿಡುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಗಾಳಿಯ ತೇವಾಂಶ ಶೇ. 75 ದಾಟಿದರೆ ಸೋಡಿಯಂ ಕ್ಲೋರೈಡ್ ಗಾಳಿಯಿಂದಲೇ ನೀರು ಎಳೆದು ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ. ಅದಕ್ಕೆ ಶೇ. 33 ಸಾಕು. ಕರಾವಳಿಯ ರಾತ್ರಿಗಳಲ್ಲಿ 75 ದಾಟುವುದು ಮಾಮೂಲು. ಹಾಗಾಗಿ ಮಳೆಯೇ ಬೀಳದ ಗೋಡೆಯ ಮೇಲೆ ದಿನಾ ರಾತ್ರಿ ಉಪ್ಪುನೀರಿನ ತೆಳುವಾದ ಪದರ ಹುಟ್ಟುತ್ತದೆ, ಬಿಸಿಲು ಏರಿದಾಗ ಒಣಗುತ್ತದೆ, ಸಂಜೆಗೆ ಮತ್ತೆ ಹುಟ್ಟುತ್ತದೆ. ಪದರ ತೆಳು ಇದ್ದಷ್ಟೂ ಗಾಳಿಯ ಆಮ್ಲಜನಕ ಬೇಗ ಲೋಹಕ್ಕೆ ತಲುಪುತ್ತದೆ. ತುಕ್ಕಿಗೆ ಬೇಕಾದ ಮೂರೂ ಅಲ್ಲಿ ಸಿದ್ಧ: ನೀರು, ಆಮ್ಲಜನಕ, ಕೆಲಸ ಚುರುಕು ಮಾಡುವ ಉಪ್ಪು.

ಮಳೆ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಜೋರಾಗಿ ಒಂದು ಮಳೆ ಬಂದರೆ ತಿಂಗಳುಗಟ್ಟಲೆ ಕೂತ ಉಪ್ಪು ತೊಳೆದು ಹೋಗುತ್ತದೆ. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕಡಲ ಗಾಳಿ ಇದೆ, ಉಪ್ಪು ಇದೆ, ತೊಳೆಯುವವರು ಇಲ್ಲ. ಕರಾವಳಿಯಲ್ಲಿ ಶೀಟಿಗೆ ನೀರು ಬಿಡಬೇಕಾದ ಕಾಲ ಇದೇ. ಸೂರಿನ ಕೆಳಗಿನ ಜಾಗಕ್ಕಂತೂ ಜೋರು ಮಳೆಗಾಲದಲ್ಲೂ ಬಿಡಬೇಕು. ಆಕಾಶದಿಂದ ಅಲ್ಲಿಗೆ ಏನೂ ಬರುವುದಿಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅನ್ನುವವರು ಸ್ವಲ್ಪ ಲೆಕ್ಕ ಮಾಡಿ ನೋಡಿ. ಅಂಗಡಿಯಲ್ಲಿ ಸಿಗುವ ಜಿಐ ಶೀಟಿನಲ್ಲಿ, ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣದ ಶೀಟಿನಲ್ಲಿ, 120 ಎಂಬ ದರ್ಜೆ ಇದೆ. ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ ಸತು ಅಂತ ಅದರ ಅರ್ಥ. ಒಂದು ಬದಿಗೆ 60 ಗ್ರಾಂ. ದಪ್ಪದ ಲೆಕ್ಕದಲ್ಲಿ ಎಂಟು ಮೈಕ್ರಾನ್ ಚಿಲ್ಲರೆ. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲೂ ಇಲ್ಲ. ಇನ್ನು ಐಎಸ್‌ಒ 9223 ಎಂಬ ಮಾನದಂಡ, ಗಾಳಿ ಎಷ್ಟು ಕೆಟ್ಟದ್ದು ಅನ್ನುವುದರ ಮೇಲೆ ಊರುಗಳನ್ನು ವಿಂಗಡಿಸುತ್ತದೆ. ಉಪ್ಪು, ಹೊಗೆ ಎರಡೂ ಕಡಿಮೆ ಇರುವ ಒಣ ಜಾಗದಲ್ಲಿ ಬರಿಯ ಸತು ವರ್ಷಕ್ಕೆ 0.1ರಿಂದ 0.7 ಮೈಕ್ರಾನ್ ಸವೆಯುತ್ತದೆ. ಕಡಲ ಉಪ್ಪು ತಾಗುವ ಕಡೆ ಅದೇ ಸವೆತ ವರ್ಷಕ್ಕೆ 2.1ರಿಂದ 4.2 ಮೈಕ್ರಾನ್. ಅಲೆಯ ಪಕ್ಕದಲ್ಲೇ ಇದ್ದರೆ ಇನ್ನೂ ಜಾಸ್ತಿ. ಒಳನಾಡಿನಲ್ಲಿ ಹತ್ತು ವರ್ಷ ಆರಾಮಾಗಿ ಬಾಳುವ ಬಣ್ಣವಿಲ್ಲದ ಶೀಟ್ ಕಡಲ ತಡಿಯಲ್ಲಿ ಎರಡರಿಂದ ನಾಲ್ಕು ವರ್ಷಕ್ಕೆ ಸತು ಕಳೆದುಕೊಳ್ಳುತ್ತದೆ ಅಂತಾಯಿತು. ಬಣ್ಣ ಹಚ್ಚಿದ್ದರೆ ಇದು ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಸತು ಇಲ್ಲಿ ಬರಿಯ ಹೊದಿಕೆ ಅಲ್ಲ. ಶೀಟ್ ಗೀಚಿ ಕಬ್ಬಿಣ ಬಯಲಾದರೂ ಪಕ್ಕದ ಸತು ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಸತು ಕಬ್ಬಿಣಕ್ಕಿಂತ ಮುಂದು. ಈ ಗುಣವನ್ನು ಮೊದಲು ದೊಡ್ಡ ಮಟ್ಟದಲ್ಲಿ ಬಳಸಲು ಹೋದದ್ದು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ, 1824ರಲ್ಲಿ. ನೌಕಾಪಡೆಯ ಹಡಗುಗಳ ಮರದ ತಳಕ್ಕೆ ಹೊಡೆದ ತಾಮ್ರದ ತಗಡು ಕಡಲ ನೀರಿಗೆ ಕರಗಿ ಹೋಗುತ್ತಿತ್ತು. ಅಲ್ಲಲ್ಲಿ ಸತು, ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರ ಉಳಿಯುತ್ತದೆ ಅಂದರು. ಉಳಿಯಿತು ಕೂಡ. ಆದರೆ ಕರಗಿದ ತಾಮ್ರದ ವಿಷಕ್ಕೇ ಚಿಪ್ಪುಜೀವಿಗಳು ಹಡಗಿನ ತಳಕ್ಕೆ ಅಂಟದೆ ದೂರ ಇದ್ದವು. ಕರಗುವುದು ನಿಂತದ್ದೇ ಅವು ದಟ್ಟವಾಗಿ ಬೆಳೆದು ಹಡಗಿನ ವೇಗ ತಗ್ಗಿತು! ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು. ರಸಾಯನಶಾಸ್ತ್ರ ಸರಿ ಇತ್ತು, ಕಡಲು ಬೇರೆ ಲೆಕ್ಕ ಹಾಕಿತ್ತು. ಕಬ್ಬಿಣಕ್ಕೆ ಕರಗಿಸಿದ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಪೇಟೆಂಟ್ ತೆಗೆದುಕೊಂಡದ್ದು 1837ರಲ್ಲಿ. ನಮ್ಮ ಜಿಐ ಶೀಟಿನ ಅಜ್ಜ ಅದು.

ಈಗ ಮಾರುಕಟ್ಟೆಯಲ್ಲಿ ಜಾಸ್ತಿ ಓಡುವುದು ಗಾಲ್ವಾಲ್ಯೂಮ್ ಎಂಬ ಶೀಟ್. ಅದರ ಲೇಪದಲ್ಲಿ ತೂಕದ ಪ್ರಕಾರ ಶೇ. 55 ಅಲ್ಯೂಮಿನಿಯಂ, ಶೇ. 43.4 ಸತು, ಉಳಿದ 1.6 ಸಿಲಿಕಾನ್. ಪೇಟೆಯ ಶೋರೂಮ್, ಆಸ್ಪತ್ರೆಗಳ ಮುಖಕ್ಕೆ ಹೊಡೆಯುವುದು ಎಸಿಪಿ: ನಡುವೆ ಪ್ಲಾಸ್ಟಿಕ್, ಎರಡು ಬದಿಗೆ ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಅಲ್ಯೂಮಿನಿಯಂ. ಲಿಫ್ಟ್ ಬಾಗಿಲು, ಕಂಬಗಳಿಗೆ ಸ್ಟೇನ್‌ಲೆಸ್ ಸ್ಟೀಲ್. ಮೂರರ ಕಥೆಯೂ ಒಂದೇ. ಲೋಹವನ್ನು ಕಾಯುವುದು ಮೇಲಿನ ತೆಳುವಾದ ಪದರ. ಅಲ್ಯೂಮಿನಿಯಂ ಗಾಳಿಗೆ ತೆರೆದ ಕ್ಷಣವೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಹುಟ್ಟುತ್ತದೆ. ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಉಕ್ಕಿಗೂ ಅಂಥದ್ದೇ ಪದರ ಸಿಗುತ್ತದೆ. ಕ್ಲೀನಿಂಗ್ ಅಂದರೆ ಈ ಪದರಕ್ಕೆ ಗಾಯ ಮಾಡದೆ ಅದರ ಮೇಲಿನ ಕೊಳೆ ತೆಗೆಯುವುದು. ಇದನ್ನು ಮರೆತವರು ಶೀಟನ್ನು ಫಳಫಳ ಹೊಳೆಯಿಸಿ ಹಾಳು ಮಾಡುತ್ತಾರೆ.

ಹಾಳು ಮಾಡುವುದರಲ್ಲಿ ಮೊದಲ ಸ್ಥಾನ ಆಸಿಡ್‌ಗೆ. ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಹಾಕುವುದು ಹೈಡ್ರೋಕ್ಲೋರಿಕ್ ಆಮ್ಲ. ಟಾಯ್ಲೆಟ್ ಕ್ಲೀನರುಗಳಲ್ಲೂ ಸಾಮಾನ್ಯವಾಗಿ ಇರುವುದು ಅದೇ. ಸತುವಿನ ಮೇಲೆ ಬಿದ್ದರೆ ಗುಳ್ಳೆ ಎದ್ದು ಲೇಪ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೂ ಅದರ ಕ್ಲೋರೈಡ್ ಆಗಿ ಬರುವುದಿಲ್ಲ, ಸೂಜಿ ಚುಚ್ಚಿದಂಥ ಸಣ್ಣ ಗುಣಿ ಬೀಳುತ್ತದೆ. ಕ್ಷಾರವೂ ಕಡಿಮೆಯೇನಲ್ಲ. ಹಸಿ ಸಿಮೆಂಟಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ನಡುಮಟ್ಟ) 12ಕ್ಕಿಂತ ಮೇಲೆ. ಅಲ್ಯೂಮಿನಿಯಂ ಪದರ ಪಿಎಚ್ ಸುಮಾರು 4ರಿಂದ 8.5ರವರೆಗೆ ಮಾತ್ರ ಗಟ್ಟಿ. ಮೇಲಿನ ಮಹಡಿಗೆ ಪ್ಲಾಸ್ಟರ್ ಮಾಡುವಾಗ ಕೆಳಗಿನ ಶೀಟಿಗೆ ಸಿಡಿದ ಗಾರೆಯನ್ನು ಹಸಿ ಇರುವಾಗಲೇ ತೊಳೆದರೆ ಏನೂ ಆಗುವುದಿಲ್ಲ. ನಾಳೆ ನೋಡೋಣ ಅಂತ ಬಿಟ್ಟರೆ, ಆ ಚೂರು ಉದುರಿದ ಮೇಲೂ ಮಂಕು ಕಲೆ ಉಳಿಯುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲೂ ಸೋಡಾ ಇರುತ್ತದೆ, ಅದೂ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಬಕೆಟ್ ನೀರಿಗೆ ಸ್ವಲ್ಪ ಹಾಕಿದರೆ ಧಾರಾಳ ಆಯಿತು.

ಸ್ಟೀಲ್ ಸ್ಕ್ರಬ್ಬರ್ ಬಣ್ಣದ ಮೇಲೆ ಗೀರು ಹಾಕುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕಬ್ಬಿಣದ ಎಳೆಗಳಿಂದ ಮಾಡಿದ ಬ್ರಷ್ಷಿನಿಂದ ಸ್ಟೇನ್‌ಲೆಸ್ ಉಜ್ಜಿದರೆ ಇನ್ನೊಂದು ಆಗುತ್ತದೆ. ಎಳೆಯ ಕಣಗಳು ಮೇಲ್ಮೈಯಲ್ಲಿ ಸಿಕ್ಕಿಕೊಂಡು, ಮಾರನೇ ವಾರ ಆ ಕಣಗಳೇ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ಸಿಗೇ ತುಕ್ಕು ಬಂತು ಅಂತ ಮಾಲೀಕರು ಗಲಾಟೆ ಮಾಡುತ್ತಾರೆ. ಗ್ರೈಂಡರಿನ ಕಿಡಿ, ಡ್ರಿಲ್ ಹೊಡೆದಾಗ ಬೀಳುವ ಚೂರು ಕೂಡ ಹೀಗೇ. ಹೊಸ ಶೀಟಿನ ಮೇಲೆ ಒಂದೇ ಮಳೆಗೆ ಕಾಣಿಸಿಕೊಳ್ಳುವ ಕಂದು ಚುಕ್ಕೆಗಳನ್ನು ಕಣ್ಣು ಹತ್ತಿರ ತಂದು ನೋಡಿ. ಚುಕ್ಕೆಯ ನಡುವೆ ಒಂದು ಚೂರು ಕೂತಿರುತ್ತದೆ. ಫಿಟ್ ಮಾಡಿದವರು ಅವತ್ತೇ ಸಂಜೆ ಮೆತ್ತಗಿನ ಪೊರಕೆಯಲ್ಲಿ ಗುಡಿಸಿ ಹೋಗಿದ್ದರೆ ಅದು ಇರುತ್ತಿರಲಿಲ್ಲ.

ತಾಮ್ರದ ವಿಷಯ ನಮ್ಮ ಕಡೆಯವರಿಗೆ ಹೇಳಲೇಬೇಕು. ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ದ್ರಾವಣ ಸರಿಯಾಯಿತಾ ಅಂತ ನೋಡಲು ಕತ್ತಿಯನ್ನೋ ಬ್ಲೇಡನ್ನೋ ಅದರಲ್ಲಿ ಅದ್ದಿ ತೆಗೆಯುವುದು ಹಳೆಯ ಕ್ರಮ. ಅಲಗಿನ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಆ ಕೆಂಪು ಅಂದರೆ ಶುದ್ಧ ತಾಮ್ರ. ಕಬ್ಬಿಣ ಕರಗಿ ನೀರಿಗೆ ಹೋಗಿ, ನೀರಿನಲ್ಲಿದ್ದ ತಾಮ್ರ ಅದರ ಜಾಗದಲ್ಲಿ ಬಂದು ಕೂರುತ್ತದೆ. ಕರಗಿದ ತಾಮ್ರ ಶೀಟಿನ ಬರಿಯ ಲೋಹಕ್ಕೆ ಮುಟ್ಟಿದರೂ ನಡೆಯುವುದು ಇದೇ. ಸತು, ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತವೆ. ಅಲ್ಲಿ ಕೂತ ತಾಮ್ರದ ಪ್ರತಿ ಚುಕ್ಕೆಯೂ ಒಂದು ಸಣ್ಣ ಬ್ಯಾಟರಿಯ ಒಂದು ತುದಿ. ಸುತ್ತಲಿನ ಲೇಪ ಇನ್ನೊಂದು ತುದಿಯಾಗಿ ಸವೆಯುತ್ತಾ ಹೋಗುತ್ತದೆ. ಅದಕ್ಕೇ ತೋಟದ ಪಕ್ಕದ ಮನೆಯ ಶೀಟಿನ ಮೇಲೆ ನೀಲಿ ಕಲೆ ಕಂಡರೆ ಒಣಗುವ ಮೊದಲೇ ಪೈಪ್ ಹಿಡಿಯುವುದು ಒಳ್ಳೆಯದು. ಸುಣ್ಣವೂ ಅಲ್ಯೂಮಿನಿಯಂಗೆ ಆಗದ್ದೇ ತಾನೇ.

ಪೇಟೆಯಲ್ಲಿ ತೋಟ ಇಲ್ಲ, ಎಸಿ ಇದೆ. ಅದರೊಳಗಿನ ಕೊಳವೆ ತಾಮ್ರದ್ದಾಗಿದ್ದರೆ ಹನಿಯುವ ನೀರಿನಲ್ಲಿ ಚೂರು ತಾಮ್ರ ಇರುತ್ತದೆ. ಆ ಪೈಪನ್ನು ಶೀಟಿನ ಮೇಲೆ ಬಿಡಬೇಡಿ, ಉದ್ದ ಮಾಡಿ ನೆಲಕ್ಕೋ ಚರಂಡಿಗೋ ಇಳಿಸಿ. ಗಾಲ್ವಾಲ್ಯೂಮ್ ಮೇಲೆ ಅಳತೆಗೆ ಪೆನ್ಸಿಲ್ ಗೀಟು ಎಳೆಯುವುದೂ ತಪ್ಪು. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ತಾಮ್ರದ ಹಾಗೇ ಲೇಪವನ್ನು ತಿನ್ನಿಸುತ್ತದೆ. ಕೆಲವು ತಿಂಗಳ ಮೇಲೆ ಗೀಟು ಎಳೆದಲ್ಲೇ ಕಲೆ ಮೂಡಬಹುದು. ಮಾರ್ಕರ್ ಪೆನ್ ಬಳಸಿ ಅಂದರೆ ಕಾರ್ಪೆಂಟರ್‌ಗಳು ನಗುತ್ತಾರೆ, ನಗಲಿ.

ತೊಳೆಯುವ ಕ್ರಮದಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಬೆಳಗ್ಗೆ ಶೀಟ್ ತಣ್ಣಗಿರುವಾಗ ಮಾಡಿ. ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ, ಸೋಪು ಅಲ್ಲೇ ಒಣಗಿ ಕಲೆಯಾಗುತ್ತದೆ. ಮೊದಲು ಬರಿಯ ನೀರು ಬಿಟ್ಟು ಧೂಳು ಇಳಿಸಿ. ಇಲ್ಲದಿದ್ದರೆ ಸ್ಪಂಜಿನ ಕೆಳಗೆ ಸಿಕ್ಕ ಧೂಳು ಮರಳು ಕಾಗದದಂತೆ ಉಜ್ಜುತ್ತದೆ. ಸೋಪು ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಮೇಲಿನಿಂದ ಹಚ್ಚಿದರೆ ಒಣ ಕೊಳೆಯ ಮೇಲೆ ಸೋಪು ಹರಿದು ಗೆರೆ ಕಟ್ಟುತ್ತದೆ. ಕೊನೆಯ ನೀರು ಒಳ್ಳೆಯದಿರಲಿ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರು ಬಿಳಿ ಚುಕ್ಕೆ ಬಿಡುತ್ತದೆ. ಕಡಲ ಹತ್ತಿರದ ಉಪ್ಪುಬಾವಿಯ ನೀರಿನಲ್ಲಿ ತೊಳೆಯುವುದಕ್ಕಿಂತ ತೊಳೆಯದಿರುವುದೇ ವಾಸಿ. ಪ್ರೆಶರ್ ವಾಷರ್ ಇದ್ದರೆ ದೂರ ನಿಂತು ಹಿಡಿಯಿರಿ, ಜೋಡಣೆಗೆ ತುಂಬಿದ ಸಿಲಿಕಾನ್ ಅಂಟಿಗೆ ನೇರ ಬೇಡ. ಏಣಿಯಲ್ಲಿ ಸಿಗದ ಎತ್ತರಕ್ಕೆ ಹಗ್ಗ, ಬೆಲ್ಟ್ ಇರುವ ಕೆಲಸದವರನ್ನೇ ಕರೆಯಿರಿ.

ಎಸಿಪಿ ಮೇಲೆ ಕಿಟಕಿ ಮೂಲೆಯಿಂದ ಇಳಿಯುವ ಕಪ್ಪು ಗೆರೆ ಎಲ್ಲರ ತಲೆನೋವು. ಎಷ್ಟೋ ಸಲ ಜೋಡಣೆಗೆ ತುಂಬಿದ ಸಿಲಿಕಾನ್‌ನಿಂದ ಸ್ವಲ್ಪ ಸ್ವಲ್ಪ ಎಣ್ಣೆ ಜಿನುಗಿ, ಅದಕ್ಕೆ ರಸ್ತೆಯ ಧೂಳು, ಹೊಗೆಯ ಮಸಿ ಅಂಟಿರುತ್ತದೆ. ತೊಳೆದರೂ ಕೆಲವು ತಿಂಗಳಿಗೆ ಮತ್ತೆ ಬರುತ್ತದೆ. ಥಿನ್ನರ್ ಹಾಕಿ ಒರೆಸಿದರೆ ಗೆರೆಯ ಜೊತೆ ಬಣ್ಣವೂ ಹೋದೀತು. ಕಾಣದ ಮೂಲೆಯಲ್ಲಿ ಒಮ್ಮೆ ಪರೀಕ್ಷೆ ಮಾಡದೆ ಯಾವ ದ್ರಾವಕವನ್ನೂ ಮುಟ್ಟಬೇಡಿ. ಬಣ್ಣಕ್ಕೆ ಎಷ್ಟು ಆಯಸ್ಸು ಉಳಿದಿದೆ ಅಂತ ನೋಡಲು ಬೆರಳು ಸಾಕು. ಒಣ ಶೀಟಿನ ಮೇಲೆ ಒತ್ತಿ ಎಳೆಯಿರಿ. ಬೆರಳಿಗೆ ಸುಣ್ಣದಂತೆ ನುಣ್ಣನೆಯ ಪುಡಿ ಹತ್ತಿದರೆ ಬಿಸಿಲಿನ ಅತಿನೇರಳೆ ಕಿರಣ ಬಣ್ಣದ ಅಂಟನ್ನು ಮುರಿದಿದೆ, ಬಣ್ಣದ ಕಣ ಉದುರುತ್ತಿದೆ ಅಂತ. ಅಗ್ಗದ ಪಾಲಿಯೆಸ್ಟರ್ ಬಣ್ಣದಲ್ಲಿ ಇದು ಬೇಗ. ಪಿವಿಡಿಎಫ್ ಎಂಬ ದುಬಾರಿ ಬಣ್ಣದಲ್ಲಿ ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಬಹಳ ಗಟ್ಟಿ, ಬಿಸಿಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಕೊಳ್ಳುವಾಗ ಕೊಡುವ ಜಾಸ್ತಿ ದುಡ್ಡು ಹೋಗುವುದು ಇಲ್ಲಿಗೆ.

ತೀರಾ ತೊಳೆಯದಿದ್ದರೂ ಬದುಕಿದ ಕಟ್ಟಡ ಇಲ್ಲವೇ ಅಂದರೆ, ಇದೆ. ನ್ಯೂಯಾರ್ಕಿನ ಕ್ರೈಸ್ಲರ್ ಬಿಲ್ಡಿಂಗ್ ಮುಗಿದದ್ದು 1930ರಲ್ಲಿ. ಅದರ ಶಿಖರಕ್ಕೆ ಹೊದಿಸಿದ್ದು ಸ್ಟೇನ್‌ಲೆಸ್ ಸ್ಟೀಲ್. ಕಳೆದ ಶತಮಾನದಲ್ಲಿ ಅದನ್ನು ಪೂರ್ತಿಯಾಗಿ ತೊಳೆದದ್ದು ಎರಡೇ ಸಲ, 1961 ಮತ್ತು 1995ರಲ್ಲಿ. ಲೋಹ ಒಳ್ಳೆಯದಿತ್ತು, ಜೊತೆಗೆ ಮಳೆ ಬಿದ್ದು ಹರಿದು ಹೋಗುವಂಥ ಎತ್ತರದ ಇಳಿಜಾರು. ಅದೇ ತರಹದ 304 ದರ್ಜೆಯ ಸ್ಟೀಲನ್ನು ಮಲ್ಪೆಯ ಹೋಟೆಲಿನ ಪೋರ್ಟಿಕೋ ಒಳಗೆ ಹಾಕಿದರೆ ಬೇಗನೆ ಕಂದು ಕಲೆ ಏಳುತ್ತದೆ. ಅಲ್ಲಿಗೆ ಶೇ. 2ರಿಂದ 3 ಮಾಲಿಬ್ಡಿನಂ ಇರುವ 316 ಹಾಕಬೇಕು. ಹಾಕಿದ ಮೇಲೂ ಆಗಾಗ ನೀರು ತೋರಿಸಬೇಕು.

ಕೆಂಪು ತುಕ್ಕು ಬಂದೇ ಬಿಟ್ಟರೆ ತೊಳೆದು ಪ್ರಯೋಜನ ಇಲ್ಲ. ಆ ಜಾಗದಲ್ಲಿ ಸತು ಖಾಲಿಯಾಗಿದೆ ಅಂತ ಅರ್ಥ. ಅಷ್ಟು ಜಾಗವನ್ನು ಮಾತ್ರ ಲೋಹ ಕಾಣುವವರೆಗೆ ಉಜ್ಜಿ, ಸತುವಿನ ಪುಡಿ ಇರುವ ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಕೊಡಬೇಕು. ಮೇ ತಿಂಗಳಲ್ಲಿ ಈ ಕೆಲಸ ಮುಗಿಸಿದರೆ ಬಣ್ಣ ಒಣಗಲು ಬಿಸಿಲು ಸಿಗುತ್ತದೆ. ಏಣಿ ಇಟ್ಟಾಗಲೇ ಸ್ಕ್ರೂಗಳ ರಬ್ಬರ್ ವಾಷರ್ ಬಿರುಕು ಬಿಟ್ಟಿದೆಯಾ ನೋಡಿ, ಬಿಟ್ಟಿದ್ದರೆ ಬದಲಾಯಿಸಿ. ಗೋಡೆಯ ಶೀಟಿನ ಕೆಳ ಅಂಚಿನಲ್ಲಿ ನೀರು ಹೊರಬರಲು ಸಂದು, ತೂತು ಬಿಟ್ಟಿರುತ್ತಾರೆ. ಮಣ್ಣು, ಎಲೆ, ಕಣಜದ ಗೂಡು ಅದನ್ನು ಮುಚ್ಚಿದ್ದರೆ ಕಡ್ಡಿ ಹಾಕಿ ಬಿಡಿಸಿ. ಇಲಿ ಬರುತ್ತದೆ ಅಂತ ಕೆಲವರು ಅದಕ್ಕೆ ಸಿಲಿಕಾನ್ ಮೆತ್ತುತ್ತಾರೆ. ಆಮೇಲೆ ಒಳಗೆ ಇಳಿದ ನೀರು ಅಲ್ಲೇ ನಿಂತು, ತುಕ್ಕು ಶೀಟನ್ನು ಹಿಂಬದಿಯಿಂದ ತಿನ್ನಲು ಶುರು ಮಾಡುತ್ತದೆ. ಇಲಿಗೆ ಸಣ್ಣ ಕಣ್ಣಿನ ಜಾಲರಿ ಸಾಕು. ತಾಮ್ರದ್ದು ಬೇಡ, ಸ್ಟೇನ್‌ಲೆಸ್ಸೂ ಬೇಡ, ಪ್ಲಾಸ್ಟಿಕ್ ಲೇಪದ್ದು ತನ್ನಿ.